ಬಡಗು ಕಡಲಿನ ನಾಲ್ವರು

ಇಗ್ನೇಶಿಯಸ್ ತೀರಿಕೊಂಡ ಸುದ್ದಿ ದೂಮಪ್ಪನವರಿಗೆ ಗೊತ್ತಾದದ್ದು ಒಂದು ಶುಕ್ರವಾರ ಬೆಳಿಗ್ಗೆ. ದೋಹಾದ ಅಲ್ ಅಜೀಜಿಯಾದಲ್ಲಿರುವ ಮಗಳ ಮನೆಯಲ್ಲಿ ಸ್ನಾನ ಮುಗಿಸಿ ದೇವರ ದೀಪಕ್ಕೆ ಎಣ್ಣೆ ಹಾಕುತ್ತಿದ್ದರು. ಫೋನು ಬಂದದ್ದು ಇಗ್ನೇಶಿಯಸ್‌ನ ಹೆಂಡತಿ ಜರ್ಟ್ರೂಡ್ ಬಾಯಿಯದು. ಶುಕ್ರವಾರ ಆ ಮನೆಯಿಂದ ಫೋನು ಬಂದರೆ ಅದು ಮಧ್ಯಾಹ್ನದ ಊಟದ ಕರೆ ಎಂಬುದು ಎಷ್ಟೋ ವರ್ಷಗಳ ರೂಢಿ. ಆದ್ದರಿಂದ ಅವರು ಎತ್ತಿದ ಕೂಡಲೇ, "ಬಾಯಮ್ಮ, ಇವತ್ತು ಷಷ್ಠಿ. ನನಗೆ ಮೀನು ಬೇಡ, ಅನ್ನ ಸಾರು ಸಾಕು. ಗೇಲಿ ಮಾಡಬಾರದು ಅಂತ ನಿಮ್ಮ ಪೊರ್ಬುಗಳಿಗೆ ಈಗಲೇ ಹೇಳಿ ಇಡಿ," ಎಂದು ಒಂದೇ ಉಸಿರಿಗೆ ಹೇಳಿ ಮುಗಿಸಿದರು. ಕ್ರೈಸ್ತ ಗೃಹಸ್ಥರನ್ನು ತುಳುವರು ಪೊರ್ಬು ಎನ್ನುತ್ತಾರೆ. ಆ ಮನೆಯಲ್ಲಿ ಅದು ಅರ್ಧ ಗೌರವ, ಅರ್ಧ ಚೇಷ್ಟೆ.



"ಗೇಲಿ ಮಾಡಲಿಕ್ಕೆ ಅವರಿಲ್ಲ ದೂಮಣ್ಣ," ಎಂದರು ಜರ್ಟ್ರೂಡ್. "ಬೆಳಗಿನ ಜಾವ ಹೋದರು. ನಾನು ಆಸ್ಪತ್ರೆಯಲ್ಲೇ ಇದ್ದೇನೆ."

ದೂಮಪ್ಪನವರ ಕೈಯಲ್ಲಿ ಎಣ್ಣೆಯ ಗಿಂಡಿ ಇತ್ತು. ಮಗಳು ಯಶ್ಮಿತಾ ಬಂದು ಅದನ್ನು ಕೈಯಿಂದ ಬಿಡಿಸಿಕೊಳ್ಳುವವರೆಗೂ ಅವರು ಅದನ್ನು ಹಿಡಿದೇ ನಿಂತಿದ್ದರು. ಆಮೇಲೆ ದೀಪ ಹಚ್ಚಿದರು. ಹಚ್ಚದೆ ಆಸ್ಪತ್ರೆಗೆ ಹೋಗುವುದು ಅವರಿಂದಾಗಲಿಲ್ಲ.

ದೂಮಪ್ಪನವರ ಮತ್ತು ಇಗ್ನೇಶಿಯಸ್‌ನ ಸ್ನೇಹ ಹುಟ್ಟಿದ ಕತೆಯನ್ನು ಕೇಳದ ತುಳುವರು ದೋಹಾದಲ್ಲಿ ಕಡಿಮೆ. ದೂಮಪ್ಪನವರದು ಪರದೆ ಮತ್ತು ಸೋಫಾ ಕವರು ಹೊಲಿಯುವ ಅಂಗಡಿ. ನಲವತ್ತು ವರ್ಷದ ಹಿಂದೆ ಒಂದು ಹೋಟೆಲಿನ ವೇದಿಕೆಗೆ ಹೊಸ ಪರದೆ ಕಟ್ಟಲು ಏಣಿ ಹತ್ತಿದ್ದರು. ಪರದೆಯ ಆಚೆಯಿಂದ ಸ್ಯಾಕ್ಸೋಫೋನಿನ ನಾದ ಬಂತು. ನಮ್ಮ ಕರಾವಳಿಯಲ್ಲಿ ಸ್ಯಾಕ್ಸೋಫೋನು ದೇವರ ಉತ್ಸವಕ್ಕೆ, ಮದುವೆಯ ಧಾರೆಯ ಹೊತ್ತಿಗೆ ಊದುವ ವಾದ್ಯ. ಅದಕ್ಕೆ ಬೇರೆ ಸಂಸಾರವೂ ಉಂಟು ಎಂಬುದು ಆಗ ಊರಿನಿಂದ ಬಂದ ಹೊಸತರಲ್ಲಿದ್ದ ದೂಮಪ್ಪನವರಿಗೆ ಕನಸಿನಲ್ಲಿಯೂ ಗೊತ್ತಿರಲಿಲ್ಲ. ಅವರು ಏಣಿ ಇಳಿದು, ಚಪ್ಪಲಿ ಕಳಚಿ, ಕಣ್ಣು ಮುಚ್ಚಿ, ಕೈ ಮುಗಿದು ನಿಂತರು. ನಾದ ನಿಂತಿತು. ಪರದೆ ಸರಿಯಿತು. ಬಿಳಿ ಅಂಗಿಯ, ತೆಳ್ಳಗಿನ ಮನುಷ್ಯನೊಬ್ಬ ಅವರ ಬರಿಗಾಲನ್ನೂ ಮುಗಿದ ಕೈಯನ್ನೂ ನೋಡಿ ತುಳುವಿನಲ್ಲಿ ಕೇಳಿದ: "ಎಂತ ಮಾರಾಯ, ಪ್ರಸಾದ ಬೇಕಾ?"

"ನಿಮ್ಮದು ಯಾವ ದೇವಸ್ಥಾನದ ಸೇವೆ?" ಎಂದು ದೂಮಪ್ಪನವರು ಭಕ್ತಿಯಿಂದಲೇ ಕೇಳಿದರು.

"ಇದೇ ಹೋಟೆಲು, ಎರಡನೇ ಮಹಡಿ. ತೀರ್ಥ ಸಂಜೆ ಏಳರಿಂದ."

ಹೀಗೆ ಶುರುವಾದದ್ದು. ಇಗ್ನೇಶಿಯಸ್ ಮಂಗಳೂರಿನ ಬಿಕರ್ನಕಟ್ಟೆಯವನು. ಅದೇ ಬಿಕರ್ನಕಟ್ಟೆಯ ಫ್ಲಾಯ್ಡ್ ಅವನ ಜೊತೆಗೆ ಪಿಯಾನೊ ನುಡಿಸುತ್ತಿದ್ದ. ಹೋಟೆಲಿನಲ್ಲಿ ಇವರು ಸಿನಿಮಾ ಹಾಡು, ಹುಟ್ಟುಹಬ್ಬದ ಹಾಡು ಎಲ್ಲ ನುಡಿಸಿದರೂ ಇಬ್ಬರ ಜೀವ ಇದ್ದದ್ದು ನಾರ್ವೆ ದೇಶದ ಒಂದು ಜಾಝ್ ತಂಡದಲ್ಲಿ. ಅದರ ಹೆಸರು ನೂರ್‌ಕಿಸ್ಟ್ ಕ್ವಾರ್ಟೆಟ್. ಕನ್ನಡದಲ್ಲಿ ಹೇಳುವುದಾದರೆ ಬಡಗು ಕರಾವಳಿಯ ನಾಲ್ವರು. ಪ್ರತಿ ಶುಕ್ರವಾರ ಊಟದ ಮೇಲೆ ಇಗ್ನೇಶಿಯಸ್ ಅವರ ರೆಕಾರ್ಡು ಹಾಕಿ, ಅವರ ಚರಿತ್ರೆ ಹೇಳುತ್ತಿದ್ದ. ದೂಮಪ್ಪನವರಿಗೆ ಭಜನೆ ಗೊತ್ತು, ಯಕ್ಷಗಾನ ಗೊತ್ತು, ಜಾಝ್ ಗೊತ್ತಿಲ್ಲ. ಆದ್ದರಿಂದ ಅವನು ಅವರಿಗೆ ತಿಳಿಯುವ ಹಾಗೆಯೇ ಹೇಳಬೇಕಾಗುತ್ತಿತ್ತು.

"ಉತ್ತರದ ತುದಿಯಲ್ಲಿ ಒಂದು ಮೀನಿನ ಊರು ದೂಮಣ್ಣ. ನಮ್ಮ ಮಲ್ಪೆಯೇ ಅಂತ ತಿಳಿ, ಆದರೆ ಮಲ್ಪೆಯನ್ನು ಐಸ್ ಪೆಟ್ಟಿಗೆಯ ಒಳಗೆ ಇಟ್ಟ ಹಾಗೆ. ಅಲ್ಲಿ ನಾಲ್ಕು ಹುಡುಗರು. ಸಿಗುರ್ದ್‌ನ ಕೈಯಲ್ಲಿ ಸ್ಯಾಕ್ಸೋಫೋನು. ಪಿಯಾನೊ ನುಡಿಸುವವನು ಗಡಿಯಾಚೆಯ ಫಿನ್ಲೆಂಡಿನವನು, ಮತ್ತಿ ಅಂತ."

"ಮತ್ತಿಯಾ?" ಎಂದು ನಡುವೆ ಬಾಯಿ ಹಾಕಿದವನು ಮೊಯ್ದಿನ್ ಕುಂಞಿ. ಕಾಸರಗೋಡಿನ ಕಡೆಯ ಬ್ಯಾರಿ ಮುಸ್ಲಿಂ, ತರಕಾರಿ ಅಂಗಡಿಯವನು, ಆ ಶುಕ್ರವಾರದ ಊಟಕ್ಕೆ ತಪ್ಪದ ಅತಿಥಿ. "ನಮ್ಮಲ್ಲಿ ಮತ್ತಿ ಅಂದರೆ ಬೂತಾಯಿ ಮೀನು."

"ಮೀನಿನ ಊರಿನಲ್ಲಿ ಬಡವರ ಮಗನಿಗೆ ಮತ್ತೆ ದುಬಾರಿ ಅಂಜಲ್ ಮೀನು ಅಂತ ಹೆಸರಿಡ್ತಾರಾ ಬ್ಯಾರಿಗಳೇ? ಸುಮ್ಮನೆ ಕೇಳಿ."

ಆ ಹುಡುಗರಿಗೆ ನುಡಿಸಲು ಜಾಗ ಸಿಕ್ಕಿದ್ದು ಮುಚ್ಚಿಹೋದ ಮೀನು ಉಪ್ಪು ಹಾಕುವ ಕೊಟ್ಟಿಗೆಯಲ್ಲಿ. ಮೊದಲು ಅಮೆರಿಕದ ರೆಕಾರ್ಡು ಕೇಳಿ ಅದರ ಹಾಗೆಯೇ ನುಡಿಸುತ್ತಿದ್ದರು. ಒಂದು ಚಳಿಗಾಲ, ಹಿಮಕ್ಕೆ ಹಡಗು ನಿಂತು, ಅಮೆರಿಕದ ಒಬ್ಬ ಮುದುಕ ತುತ್ತೂರಿಯವನು ಆ ಊರಿನಲ್ಲಿ ಉಳಿಯಬೇಕಾಯಿತು. ಇವರದನ್ನು ಕೇಳಿ ಅವನು ಹೇಳಿದ: "ಚೆನ್ನಾಗಿದೆ ಮಕ್ಕಳೇ. ಆದರೆ ಇದು ನನ್ನ ಅಜ್ಜಿಯ ಹಾಡು. ನಿಮ್ಮ ಅಜ್ಜಿ ಏನು ಹಾಡುತ್ತಿದ್ದಳು?" ಅವರ ಅಜ್ಜಿಯರು ಗುಡ್ಡದ ಮೇಲಿನ ದನಗಳನ್ನು ಹಾಡಿ ಕರೆಯುತ್ತಿದ್ದರು. ಆ ಕೂಗನ್ನೇ ಹಿಡಿದು ನುಡಿಸಿದರು. ಕೊಟ್ಟಿಗೆ ದೊಡ್ಡದು, ಖಾಲಿ. ನುಡಿಸಿದ ಸ್ವರ ಗೋಡೆಗೆ ಬಡಿದು ಮರಳಿ ಬರುವವರೆಗೆ ಕಾಯಬೇಕು, ಇಲ್ಲದಿದ್ದರೆ ಎಲ್ಲ ಕಲಸಿಹೋಗುತ್ತದೆ. ಹಾಗೆ ಕಾದು ಕಾದು ಅವರ ಸಂಗೀತದ ನಡುವೆ ಮೌನ ಬಂದು ಕೂತಿತು. ಒಂದು ಮರದ ಇಗರ್ಜಿಯಲ್ಲಿ ರೆಕಾರ್ಡು ಮಾಡಿದರು. ಅದಾದ ಮೇಲೆ ಉತ್ತರದ ದೇಶಗಳಲ್ಲಿ ಸ್ಯಾಕ್ಸೋಫೋನು ಎತ್ತಿದವರೆಲ್ಲ ಮೊದಲು ಕಾಯಲು ಕಲಿತರು. ಈಗ ಅಲ್ಲಿಯ ಸಂಗೀತ ಕಾಲೇಜುಗಳಲ್ಲಿ ಅದು ಪಾಠ.

"ನಿಮ್ಮ ಯಕ್ಷಗಾನದಲ್ಲಿ ತೆಂಕು, ಬಡಗು ಅಂತ ತಿಟ್ಟು ಇಲ್ವಾ? ಜಾಝಿನಲ್ಲಿ ಬಡಗುತಿಟ್ಟು ಕಟ್ಟಿದವರು ಇವರು," ಎನ್ನುತ್ತಿದ್ದ ಇಗ್ನೇಶಿಯಸ್.

ಚರಿತ್ರೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಹೆಸರು ಬಂದ ಮೇಲೆ ಮತ್ತಿ ತಂಡ ಬಿಟ್ಟ. ಮೌನವೂ ಒಂದು ಚಟವಾಯಿತು, ನನಗೆ ಹೊಸ ಯಂತ್ರದ ವಾದ್ಯ ಬೇಕು ಎಂದ. ಸಿಗುರ್ದ್ ಉತ್ತರ ಕೊಡದೆ ತನ್ನ ವಾದ್ಯವನ್ನು ಪೆಟ್ಟಿಗೆಗೆ ಹಾಕಿಕೊಂಡ. ಆಮೇಲೆ ಆ ಇಬ್ಬರು ಸಾಯುವವರೆಗೂ ಒಟ್ಟಿಗೆ ಒಂದು ವೇದಿಕೆ ಹತ್ತಲಿಲ್ಲ.

ಈ ಜಾಗಕ್ಕೆ ಬಂದಾಗ ಇಗ್ನೇಶಿಯಸ್ ಸಿಗುರ್ದ್‌ನ ಕಡೆ, ಫ್ಲಾಯ್ಡ್ ಮತ್ತಿಯ ಕಡೆ. ಮೊದಮೊದಲು ಅದು ಊಟದ ಮೇಲಿನ ಬೀಡಾದಂತಹ ಜಗಳ. ಆಮೇಲೆ ಫ್ಲಾಯ್ಡ್ ತಾಳ ತಾನೇ ಹಾಕುವ ಒಂದು ಕೀಬೋರ್ಡು ಕೊಂಡ. ಒಬ್ಬನೇ ಮದುವೆಗಳಿಗೆ ನುಡಿಸಲು ಹೊರಟ. ಪಿಯಾನೊ ಇಲ್ಲದೆ ಬ್ಯಾಂಡು ಕುಂಟಿತು, ಹೋಟೆಲಿನವರು ಖಲಾಸ್ ಎಂದರು. ಅದರ ಮುಂದಿನ ಈಸ್ಟರ್ ಊಟದಲ್ಲಿ ಫ್ಲಾಯ್ಡ್, "ಮತ್ತಿ ಹೋದ ದಿನವೇ ಸಿಗುರ್ದ್ ಕಲಾವಿದನಾಗಿ ಸತ್ತ," ಎಂದ. ಇಗ್ನೇಶಿಯಸ್ ಎದ್ದು ಬಾಗಿಲು ತೆರೆದು ಹಿಡಿದ. ಫ್ಲಾಯ್ಡ್ ಊಟ ಬಿಟ್ಟು ಹೋದ. ನಾರ್ವೆಯ ಹೆಸರಿನಲ್ಲಿ ಇವರು ಬಿಕರ್ನಕಟ್ಟೆಯ ಜಗಳ ಆಡುತ್ತಿದ್ದಾರೆ ಎಂಬುದು ದೂಮಪ್ಪನವರಿಗೆ ತಿಳಿಯಿತು. ಆದರೆ ಇಬ್ಬರಲ್ಲಿ ಯಾರೂ ಅದನ್ನು ಒಪ್ಪಲಿಲ್ಲ.

ಒಪ್ಪಲಿಲ್ಲ ಎಂದರೆ ಬಾಯಲ್ಲಿ. ಒಂದು ಸಂಜೆ ಇಗ್ನೇಶಿಯಸ್ ದೂಮಪ್ಪನವರನ್ನು ಕಾರಿನಲ್ಲಿ ಕೂರಿಸಿಕೊಂಡು, ಒಂದು ಮದುವೆ ಹಾಲಿನ ಹಿಂಬದಿಗೆ ಹೋಗಿ, ಎಂಜಿನ್ ನಿಲ್ಲಿಸಿ, ಗಾಜು ಇಳಿಸಿದ. ಹೊರಗೆ ಸುಡುವ ಸೆಕೆ. ಒಳಗೆ ಫ್ಲಾಯ್ಡ್ ನುಡಿಸುತ್ತಿದ್ದ. ಇಗ್ನೇಶಿಯಸ್ ಬೆವರು ಒರೆಸಿಕೊಳ್ಳುತ್ತ ಕೊನೆಯವರೆಗೂ ಕೇಳಿದ. "ಯಂತ್ರ ಹಾಳು," ಎಂದ. "ಆದರೆ ಎಡಗೈ ನೋಡು. ಅಂಥ ಎಡಗೈ ಇಡೀ ಗಲ್ಫಿನಲ್ಲಿ ಇಲ್ಲ. ಬೇವರ್ಸಿ." ಅದು ಮೊದಲನೆಯ ಸಲ ಅಲ್ಲ ಎಂಬುದು ಕಾರು ನಿಲ್ಲಿಸಿದ ಜಾಗದ ಪರಿಚಯದಿಂದಲೇ ಗೊತ್ತಾಗುತ್ತಿತ್ತು. ಮರಳುವಾಗ ಅವನು ಹೇಳಿದ: "ಇದನ್ನು ಅವನಿಗೆ ಹೇಳಬಾರದು. ಆಣೆ ಹಾಕು, ಧರ್ಮಸ್ಥಳದ ಮಂಜುನಾಥನ ಮೇಲೆ."

"ನಿಮ್ಮ ದೇವರ ಮೇಲೆ ಹಾಕಿಸು ಪೊರ್ಬು."

"ನಮ್ಮವನು ಕೇಳಿಕೊಂಡರೆ ಕ್ಷಮಿಸಿಬಿಡ್ತಾನೆ. ನಿನ್ನವನು ಖಡಕ್."

ದೂಮಪ್ಪನವರು ಆಣೆ ಹಾಕಿದರು. ಮಂಜುನಾಥನ ಆಣೆ ಎಂದರೆ ಕರಾವಳಿಯಲ್ಲಿ ಜಮೀನಿನ ತಕರಾರುಗಳೇ ಅದರಿಂದ ತೀರಿಹೋಗುತ್ತವೆ. ಕೋರ್ಟಿನಲ್ಲಿ ಸುಳ್ಳು ಹೇಳಿದವರೂ ಅದರ ಮುಂದೆ ಬಾಯಿ ಮುಚ್ಚುತ್ತಾರೆ.

ಇಗ್ನೇಶಿಯಸ್‌ನ ದೇಹ ಮಂಗಳೂರಿಗೆ ಹೋಯಿತು. ಊರಿನ ಇಗರ್ಜಿಯಲ್ಲಿ ತಿಂಗಳ ಪೂಜೆ ಮುಗಿಸಿ ಜರ್ಟ್ರೂಡ್ ಮನೆ ಖಾಲಿ ಮಾಡಲು ದೋಹಾಕ್ಕೆ ಮರಳಿದರು. ದೂಮಪ್ಪನವರು ನೋಡಲು ಹೋದಾಗ ಮನೆಯ ತುಂಬ ರಟ್ಟಿನ ಪೆಟ್ಟಿಗೆ.

"ಅಳಬೇಡಿ ದೂಮಣ್ಣ, ಪೆಟ್ಟಿಗೆ ಒದ್ದೆಯಾಗ್ತದೆ," ಎಂದರು ಜರ್ಟ್ರೂಡ್. ಅವರ ಕಣ್ಣೂ ಒಣಗಿರಲಿಲ್ಲ. "ಒಂದು ಕೆಲಸ ಉಂಟು ನಿಮಗೆ. ಇಲ್ಲಿಯ ಕರಾವಳಿ ಕೂಟದವರು ನಮ್ಮವರಿಗೆ ಒಂದು ಸಂಜೆ ಕೊಟ್ಟಿದ್ದರಲ್ಲ, ನೂರ್‌ಕಿಸ್ಟ್‌ನವರ ಚರಿತ್ರೆ ಹೇಳಲಿಕ್ಕೆ? ಈಗ ಕೂಟದವರು ಅದೇ ಸಂಜೆ ಸಂತಾಪ ಸಭೆ ಮಾಡ್ತೇವೆ ಅಂತಾರೆ. ಬೇಡ. ನಮ್ಮವರಿಗೆ ಸಂತಾಪ ಸಭೆ ಕಂಡರೆ ಆಗ್ತಿರಲಿಲ್ಲ. ಎಲ್ಲ ಎದ್ದು ನಿಂತು ತಲೆ ತಗ್ಗಿಸುವುದು, ತಗ್ಗಿಸಿದ ತಲೆಯಲ್ಲಿ ಮೊಬೈಲ್ ನೋಡುವುದು. ಚರಿತ್ರೆಯೇ ಆಗಬೇಕು. ನೀವು ಹೇಳಿ."

"ನಾನಾ? ಬಾಯಮ್ಮ, ನನಗೆ ಜಾಝಿನ ಜ ಗೊತ್ತಿಲ್ಲ."

"ನಲವತ್ತು ವರ್ಷ ನನ್ನ ಅನ್ನ ತಿಂದು ಕೇಳಿದ್ದೀರಿ." ಅವರು ಒಂದು ಪೆಟ್ಟಿಗೆಗೆ ಟೇಪು ಎಳೆದರು. "ಮತ್ತೆ ಫ್ಲಾಯ್ಡ್ ಬರಬೇಕು. ಮುಂದಿನ ವಾರ ನಾನು ಹೋದರೆ ಇಲ್ಲಿಗೆ ಇನ್ನು ಬರುವವಳಲ್ಲ. ಆ ಜಗಳವನ್ನು ಊರಿಗೆ ಹೊತ್ತುಕೊಂಡು ಹೋಗಲಿಕ್ಕೆ ನನ್ನಿಂದ ಆಗುವುದಿಲ್ಲ. ಮೂವತ್ತೇ ಕಿಲೋ ಬಿಡುವುದು ವಿಮಾನದಲ್ಲಿ."

ನಗುತ್ತಲೇ ಹೇಳಿದರು. ಟೇಪು ಕತ್ತರಿಸಿ ಮುಂದಿನ ಪೆಟ್ಟಿಗೆ ಎಳೆದುಕೊಂಡರು. ದೂಮಪ್ಪನವರು ಆಗಲಿ ಎಂದರು. ಅಂದ ಮೇಲೆ ಹೆದರಿದರು.

ಅಳಿಯ ಯಜ್ಞೇಶ್ ಸಹಾಯಕ್ಕೆಂದು ಕಂಪ್ಯೂಟರಿನ ಮುಂದೆ ಕೂತ. "ಮಾವ, ಟೆನ್ಷನ್ ಬೇಡ. ಇಪ್ಪತ್ತು ಸ್ಲೈಡ್ ಮಾಡುವಾ. ಹುಟ್ಟಿದ ಇಸವಿ, ರೆಕಾರ್ಡಿನ ಇಸವಿ, ಪ್ರಶಸ್ತಿ. ನೀವು ಓದಿದರೆ ಸಾಕು." ಸ್ಲೈಡುಗಳು ತಯಾರಾದವು. ಸುಂದರವಾಗಿಯೇ ಇದ್ದವು. ದೂಮಪ್ಪನವರು ಒಮ್ಮೆ ಗಟ್ಟಿಯಾಗಿ ಓದಿ ನೋಡಿದರು. ಯಶ್ಮಿತಾ ಅಡಿಗೆಮನೆಯಿಂದ, "ಅಪ್ಪ, ಯಾರದ್ದು, ವಿದ್ಯುತ್ ಬಿಲ್ಲಾ?" ಎಂದಳು.

ಸ್ಲೈಡಿಗಿಂತ ದೊಡ್ಡ ಚಿಂತೆ ಫ್ಲಾಯ್ಡ್‌ನದು. ಅವನನ್ನು ಕರೆತರಲು ದೂಮಪ್ಪನವರ ಬಳಿ ಒಂದೇ ಒಂದು ಮಾತಿತ್ತು, ಆ ಮಾತಿನ ಮೇಲೆ ಮಂಜುನಾಥ ಕೂತಿದ್ದ. ಹಾಕಿಸಿದವನು ಇದ್ದರೆ ಆಣೆಯನ್ನು ಬಿಡಿಸಬಹುದು. ಹಾಕಿಸಿದವನೇ ಹೋದರೆ?

ಮೊಯ್ದಿನ್ ಕುಂಞಿಯ ಅಂಗಡಿಯಲ್ಲಿ ಬೆಂಡೆಕಾಯಿ ಆರಿಸುತ್ತ, ವಿಷಯವೇನೆಂದು ಬಿಡಿಸಿ ಹೇಳದೆ, ಅದನ್ನೇ ಕೇಳಿದರು. "ಬ್ಯಾರಿಗಳೇ, ಒಬ್ಬನಿಗೆ ಒಂದು ಮಾತು ಹೇಳಬೇಕು. ಹೇಳಬಾರದು ಅಂತ ಆಣೆ ಉಂಟು. ಎಂತ ಮಾಡುವುದು?"

ಮೊಯ್ದಿನ್ ಕುಂಞಿ ಯೋಚಿಸಲೇ ಇಲ್ಲ. "ಹೋದ ವರ್ಷದ ತಾಳಮದ್ದಲೆಯಲ್ಲಿ ನೀವು ರಾಜ, ನಾನು ಮಂತ್ರಿ. ತುಂಬಿದ ಸಭೆಯಲ್ಲಿ ನನಗೆ ಎಂತ ಹೇಳಿದಿರಿ? 'ಎಲೈ ಮಂತ್ರಿ, ನೀನು ಪ್ರಜೆಗಳಿಗೆ ಕೊಳೆತ ಟೊಮೇಟೊ ಮಾರುತ್ತಿರುವುದನ್ನು ನಾವು ಬಲ್ಲೆವು' ಅಂತ. ನಲವತ್ತು ವರ್ಷ ನನ್ನ ಮುಖ ನೋಡಿ ಹೇಳದ ಮಾತು! ಜಗಳ ಮಾಡುವಾ ಅಂದರೆ ಹೇಳಿದ್ದು ನೀವಲ್ಲ, ರಾಜ."

ದೂಮಪ್ಪನವರ ಕೈಯಿಂದ ಬೆಂಡೆಕಾಯಿ ಬುಟ್ಟಿಗೆ ಬಿತ್ತು.

ತಾಳಮದ್ದಲೆ ಎಂದರೆ ವೇಷವಿಲ್ಲದ, ಕುಣಿತವಿಲ್ಲದ ಯಕ್ಷಗಾನ. ಭಾಗವತ ಒಂದು ಪದ್ಯ ಹಾಡಿದರೆ, ಎದುರುಬದುರು ಕೂತ ಅರ್ಥಧಾರಿಗಳು ಪಾತ್ರವಾಗಿ ಮಾತಾಡುತ್ತಾರೆ. ಬರೆದುಕೊಂಡು ಬರುವಂತಿಲ್ಲ. ಕೂತ ಮೇಲೆ ಅರ್ಥಧಾರಿಗೆ ಸ್ವಂತ ಹೆಸರಿಲ್ಲ, ಆಡಿದ್ದೆಲ್ಲ ಪಾತ್ರದ ಮಾತು. ರಾಜರು ಕೂತು ವಾದಿಸಬಹುದಾದರೆ ನಾರ್ವೆಯವರು ಯಾಕೆ ಕೂರಬಾರದು?

ಫ್ಲಾಯ್ಡ್ ಸಿಕ್ಕಿದ್ದು ಸೂಕ್ ವಾಕಿಫ್ ಪೇಟೆಯ ಒಂದು ಕರಕ್ ಚಹಾದಂಗಡಿಯ ಹೊರಗೆ. ಕೂದಲು ಪೂರ್ತಿ ನೆರೆತಿತ್ತು, ಅಂಗಿಗೆ ಮಾತ್ರ ಇಸ್ತ್ರಿ ತಪ್ಪಿರಲಿಲ್ಲ. ಇಗ್ನೇಶಿಯಸ್‌ನ ಹೆಸರೆತ್ತಿದ ಕೂಡಲೇ ಅವನು ಕಪ್ಪನ್ನು ಕೆಳಗಿಟ್ಟ.

"ಬರುವುದಿಲ್ಲ ದೂಮಣ್ಣ. ಸತ್ತವನ ಮುಂದೆ ಸಿಗುರ್ದ್ ದೇವರು ಅಂತ ಸುಳ್ಳು ಹೊಗಳಲಿಕ್ಕೆ ನನ್ನಿಂದ ಆಗುವುದಿಲ್ಲ."

"ಹೊಗಳು ಅಂತ ಯಾರು ಹೇಳಿದ್ದು ಮಾರಾಯ? ಬೈಯಲಿಕ್ಕೆ ಬಾ."

"ಹಾಂ?"

"ತಾಳಮದ್ದಲೆ. ನಾನು ಸಿಗುರ್ದ್. ನೀನು ಮತ್ತಿ. ಎಷ್ಟು ಹೇಳಬೇಕೋ ಹೇಳು."

ಫ್ಲಾಯ್ಡ್ ಅವರನ್ನು ಹುಚ್ಚು ಹಿಡಿದವರನ್ನು ನೋಡುವ ಹಾಗೆ ನೋಡಿದ. ಆಮೇಲೆ ಅವನ ಮೀಸೆಯ ತುದಿ ಅಲುಗಿತು. "ನಾನು ಗೆದ್ದರೆ?"

"ಗೆದ್ದರೆ ಗೆದ್ದೆ."

"ಪ್ರಸಂಗದ ಕೊನೆಗೆ ಒಳ್ಳೆಯವ ಗೆಲ್ಲಬೇಕು ಅಂತ ನಿಮ್ಮ ಕಾನೂನು ಉಂಟಲ್ಲ?"

"ಇಲ್ಲಿ ಒಳ್ಳೆಯವ ಯಾರು ಅಂತ ನನಗೆ ಈವರೆಗೆ ಗೊತ್ತಾಗಲಿಲ್ಲ."

ಫ್ಲಾಯ್ಡ್ ಒಂದು ಕರಾರು ಹಾಕಿದ: ತನ್ನ ಕೀಬೋರ್ಡು ತನ್ನ ಪಕ್ಕದಲ್ಲೇ ಇರಬೇಕು. "ಇಗ್ಗು ಅದನ್ನು ಸಾಯುವವರೆಗೂ ಬೈದ. ಮುಖ ತೋರಿಸಲಿ ಅದು ಒಮ್ಮೆ." ದೂಮಪ್ಪನವರು ಒಪ್ಪಿದರು.

ಭಾಗವತಿಕೆ ಯಶ್ಮಿತಾಳದು. ಊರಿನಲ್ಲಿ ಕಲಿತದ್ದನ್ನು ಅವಳು ಇಲ್ಲಿ ಬಿಟ್ಟಿರಲಿಲ್ಲ. ಆಫೀಸಿನಿಂದ ಮರಳುವ ಕಾರಿನಲ್ಲಿ ಪದ್ಯ ಕಟ್ಟಿದಳು. ಗೊತ್ತುಮಾಡಿದ ಸಂಜೆ ಬಾಡಿಗೆಯ ಸಭಾಂಗಣ ತುಂಬಿತು. ಏನಾಗುತ್ತದೆ ನೋಡೋಣ ಎಂಬ ಕುತೂಹಲಕ್ಕೇ ಬರ್ವಾ ಅಲ್ ಬರಾಹಾದ ಕಾರ್ಮಿಕರ ವಸತಿಯಿಂದ ಒಂದು ಬಸ್ಸು ತುಂಬ ಊರಿನ ಹುಡುಗರು ಬಂದಿದ್ದರು. ವೇದಿಕೆಯಲ್ಲಿ ಶಾಲು ಹೊದ್ದ ದೂಮಪ್ಪನವರು, ಎದುರು ಇಸ್ತ್ರಿ ಅಂಗಿಯ ಮೇಲೆ ಶಾಲು ಹೊದ್ದ ಫ್ಲಾಯ್ಡ್, ನಡುವೆ ಅಮೆರಿಕದ ತುತ್ತೂರಿಯವನಾಗಿ ಮೊಯ್ದಿನ್ ಕುಂಞಿ. ಮೊದಲ ಸಾಲಿನಲ್ಲಿ ಕಪ್ಪು ಸೀರೆಯ ಜರ್ಟ್ರೂಡ್. ಗಣಪತಿಯ ಸ್ತುತಿಯಾಯಿತು, ಮದ್ದಲೆ ನುಡಿಯಿತು. ಯಶ್ಮಿತಾ ಜಾಗಟೆ ಬಾರಿಸಿ ಎತ್ತಿದಳು:

ಬಡಗ ಕಡಲಿನ ತಡಿಯ ಹುಡುಗರು
ನಡುಗಿ ಕುಳಿತರು ಮೀನ ಮನೆಯಲಿ
ಒಡನೆ ನುಡಿಸಲು ತೊಡಗಿ ಮೌನವ ನಡುವೆ ಬೆರೆಸಿದರು

ದೂಮಪ್ಪನವರು ಅರ್ಥ ಹೇಳತೊಡಗಿದರು. ಇಸವಿ ಒಂದೂ ನೆನಪಿಗೆ ಬರಲಿಲ್ಲ. ಅದರ ಬದಲು ಇಗ್ನೇಶಿಯಸ್‌ನ ಊಟದ ಮೇಜಿನಿಂದ ಇಡೀ ಊರು ಎದ್ದು ಬಂತು. ಉಪ್ಪಿನ ವಾಸನೆಯ ಕೊಟ್ಟಿಗೆ, ಮರಳಿ ಬರುವ ಸ್ವರ, ದನ ಕರೆಯುವ ಅಜ್ಜಿ. ಮೊಯ್ದಿನ್ ಕುಂಞಿ ಗಂಟಲು ಸರಿಮಾಡಿಕೊಂಡು, "ಎಲೈ ಬಾಲಕರೇ! ನಾವು ಅಮೆರಿಕದಿಂದ ಬಂದವರು. ಬಂದ ಮೇಲೆ ತಿಳಿಯಿತು, ಸ್ವೆಟರ್ ತರಬೇಕಿತ್ತು ಎಂದು," ಎಂದಾಗ ಸಭಾಂಗಣ ಬಿರಿಯುವ ಹಾಗೆ ಜನ ನಕ್ಕರು. "ನಿಮ್ಮ ಅಜ್ಜಿ ಏನು ಹಾಡುತ್ತಿದ್ದಳು?" ಎಂದು ಅವನು ಕೇಳಿದಾಗ ಹಿಂದಿನ ಸಾಲಿನ ಹುಡುಗನೊಬ್ಬ ತಡೆಯಲಾರದೆ ತನ್ನ ಅಜ್ಜಿ ಗದ್ದೆಯಲ್ಲಿ ಹಾಡುತ್ತಿದ್ದ ಓಬೇಲೆ ಪಾಡ್ದನದ ಒಂದು ಎಳೆ ಎತ್ತಿದ. ಯಾರೂ ಅವನನ್ನು ಸುಮ್ಮನಿರಿಸಲಿಲ್ಲ.

ಆಮೇಲೆ ಮತ್ತಿಯ ಪದ್ಯ ಬಂತು.

"ಸಿಗುರ್ದ್," ಎಂದು ಫ್ಲಾಯ್ಡ್ ಶುರುಮಾಡಿದ. ಅರ್ಥಗಾರಿಕೆಯ ಗ್ರಾಂಥಿಕ ಭಾಷೆ ಅವನಿಗೆ ಬರುತ್ತಿರಲಿಲ್ಲ, ಅವನು ಪ್ರಯತ್ನಿಸಲೂ ಇಲ್ಲ. "ಕೊಟ್ಟಿಗೆಯಲ್ಲಿ ನಾವು ಕಾಯ್ತಾ ಇದ್ದದ್ದು ಕಾಯಬೇಕಿತ್ತು ಅಂತ. ಈಗ ದೊಡ್ಡ ದೊಡ್ಡ ಹಾಲಿನಲ್ಲಿ ಯಾಕೆ ಕಾಯುವುದು? ಜನ ಕಾಸು ಕೊಟ್ಟು ಬರ್ತಾರೆ, ನಾವು ಸುಮ್ಮನಿರುವುದನ್ನು ನೋಡಲಿಕ್ಕೆ. ಇದು ಸಂಗೀತವಾ, ಅಥವಾ ಅಂಗಡಿಯ ಬೋರ್ಡಾ?"

"ಮೌನವನ್ನು ಮಾರುವವನು ನಾನಲ್ಲ ಮತ್ತಿ," ಎಂದರು ದೂಮಪ್ಪನವರು. "ಆದರೆ ತಾಳವನ್ನು ಯಂತ್ರಕ್ಕೆ ಕೊಟ್ಟು, ಕೈಕಟ್ಟಿ ಕೂರುವವನು ಯಾರು?"

"ಯಂತ್ರ ಸಂಬಳ ಕೇಳುವುದಿಲ್ಲ. ಯಂತ್ರ, ನೀನು ನನ್ನ ಹಿಂದೆ ಬರಬೇಕು ಅಂತಲೂ ಹೇಳುವುದಿಲ್ಲ."

ಸಭೆ ಚಪ್ಪಾಳೆ ಹೊಡೆಯಿತು. ವಾದಕ್ಕೆ ವಾದ ಬೆಳೆಯಿತು. ಫ್ಲಾಯ್ಡ್ ಗೆಲ್ಲುತ್ತಿದ್ದ, ಅದು ಎಲ್ಲರಿಗೂ ಗೊತ್ತಾಗುತ್ತಿತ್ತು. ಆದರೆ ಗೆಲ್ಲುತ್ತ ಗೆಲ್ಲುತ್ತ ಅವನ ದನಿ ಇಳಿಯಿತು.

"ನಾನು ಹೊರಟು ನಿಂತಾಗ ನೀನು ಒಂದು ಮಾತು ಆಡಬಹುದಿತ್ತು. ಬೈಯಬಹುದಿತ್ತು. ಏನೂ ಹೇಳದೆ ಸುಮ್ಮನೆ ನಿಂತೆ. ಆಮೇಲೆ ನಿನ್ನ ಮೌನವನ್ನು ಊರೆಲ್ಲ ಕಲೆ ಅಂತ ಹೊಗಳಿತು. ನನಗೆ ಮಾತ್ರ ಅದು ಬಾಗಿಲು ಹಾಕಿದ ಶಬ್ದದ ಹಾಗೆ ಕೇಳಿತು. ಆ ಮೇಲೆ ನನ್ನದನ್ನು ಒಂದು ಸಲವಾದರೂ ಕೇಳಿದೆಯಾ ನೀನು? ಹೇಳು. ಒಂದು ಸಲ?"

ಇದಕ್ಕೆ ಚರಿತ್ರೆಯಲ್ಲಿ ಉತ್ತರವಿಲ್ಲ. ಸಿಗುರ್ದ್ ಮಾತಾಡದೆ ವಾದ್ಯವನ್ನು ಪೆಟ್ಟಿಗೆಗೆ ಹಾಕಿಕೊಳ್ಳಬೇಕು. ಮತ್ತಿ ಹೊರಟುಹೋಗುವ ಪದ್ಯಕ್ಕೆ ಯಶ್ಮಿತಾ ಜಾಗಟೆ ಎತ್ತಿದ್ದಳು. ದೂಮಪ್ಪನವರು ಕೈ ಎತ್ತಿ ತಡೆದರು. ಭಾಗವತರನ್ನು ತಡೆಯುವುದು ಅರ್ಥಧಾರಿಗೆ ಸಲ್ಲದ ಕೆಲಸ. ಮದ್ದಲೆಯವನು ಬೆರಗಾಗಿ ಕೈ ನಿಲ್ಲಿಸಿದ.

"ಕೇಳಿದ್ದೇನೆ," ಎಂದರು ಅವರು, ಸಿಗುರ್ದ್ ಆಗಿ. "ನೀನು ನುಡಿಸುವ ಹಾಲಿನ ಹಿಂದೆ ಗಾಡಿ ನಿಲ್ಲಿಸಿ ಕೇಳಿದ್ದೇನೆ. ಒಂದು ಸಲ ಅಲ್ಲ. ಬೆವರು ಸುರಿಯುತ್ತಿತ್ತು, ಗಾಜು ಏರಿಸಲಿಲ್ಲ, ಏರಿಸಿದರೆ ಕೇಳುವುದಿಲ್ಲವಲ್ಲ. ಯಂತ್ರ ಹಾಳು ಅಂತ ಬೈದೆ. ಆದರೆ ಅಂಥ ಎ‌ಡಗೈ ಇಡೀ ಗಲ್ಫಿನಲ್ಲಿ ಇಲ್ಲ ಅಂತ ಹೇಳಿದೆ, ಬೇವರ್ಸಿ ಫ್ಲಾಯ್ಡ್."

ಹೇಳಿ ಮುಗಿದ ಮೇಲೆ ಅವರಿಗೆ ತಿಳಿಯಿತು, ನಾರ್ವೆಯಲ್ಲಿ ಬೆವರು ಸುರಿಯುವುದಿಲ್ಲ, ಗಲ್ಫು ಅಲ್ಲಿಲ್ಲ, ಮತ್ತು ತಾನು ಮತ್ತಿಯ ಪಾತ್ರದವನನ್ನು ಅವನ ಸ್ವಂತ ಹೆಸರಿನಿಂದ ಕರೆದುಬಿಟ್ಟೆ ಎಂದು. ಇಷ್ಟು ವರ್ಷದ ಅರ್ಥಗಾರಿಕೆಯಲ್ಲಿ ಅಂಥ ತಪ್ಪು ಅವರಿಂದ ಆಗಿರಲಿಲ್ಲ. ಪಾತ್ರ ಕಳಚಿ ಬಿದ್ದಿತ್ತು. ಆಡಿದ ಮಾತು ಈಗ ಯಾರದೂ ಅಲ್ಲ, ದೂಮಪ್ಪನದೇ.

ಫ್ಲಾಯ್ಡ್ ಜರ್ಟ್ರೂಡ್ ಬಾಯಿಯ ಕಡೆ ನೋಡಿದ, ಇದು ನಿಜವಾ ಎಂದು ಕೇಳುವ ಹಾಗೆ.

"ನನಗೆ ಹೇಳಲಿಲ್ಲ ಈ ಮನುಷ್ಯ," ಎಂದರು ಜರ್ಟ್ರೂಡ್. ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು, ಭುಜ ನಗುವಿಗೆ ಕುಲುಕುತ್ತಿತ್ತು. "ಮೀನು ತರಲಿಕ್ಕೆ ಹೋಗುತ್ತೇನೆ ಅಂತ ಹೋಗ್ತಿದ್ದರು. ಮೀನಿಲ್ಲದೆ ಬರ್ತಿದ್ದರು. ಆ ಬೇವರ್ಸಿ ಅನ್ನುವ ಶಬ್ದ ಮಾತ್ರ ಖಂಡಿತ ಅವರದೇ. ದೂಮಣ್ಣನ ಬಾಯಲ್ಲಿ ಅದು ಹುಟ್ಟುವುದಿಲ್ಲ."

ಫ್ಲಾಯ್ಡ್ ಶಾಲು ತೆಗೆದು ಮಡಿಸಿ ಇಟ್ಟ. ಪಕ್ಕದ ಕೀಬೋರ್ಡಿನ ಕಡೆ ತಿರುಗಿ, ತಾಳದ ಗುಂಡಿಯನ್ನು ಒತ್ತಿ ಆರಿಸಿದ. ಬಲಗೈಯನ್ನು ತೊಡೆಯ ಮೇಲಿಟ್ಟುಕೊಂಡು, ಎಡಗೈಯೊಂದರಿಂದಲೇ ನೂರ್‌ಕಿಸ್ಟ್‌ನವರ ಆ ಅಜ್ಜಿಯ ಕೂಗನ್ನು ನುಡಿಸತೊಡಗಿದ. ಸ್ಯಾಕ್ಸೋಫೋನು ಬರಬೇಕಾದ ಜಾಗ ಬಂತು. ಅಲ್ಲಿ ಅವನು ಏನನ್ನೂ ತುಂಬಲಿಲ್ಲ. ಕಾದ. ಆ ಹೊತ್ತು ಪೂರ್ತಿ ಕಳೆಯುವವರೆಗೆ ತಲೆ ಓರೆ ಮಾಡಿ ಯಾರದೋ ಉಸಿರು ಕೇಳುವವನ ಹಾಗೆ ಕಾದು, ಆಮೇಲೆ ಮುಂದುವರಿದ. ಮತ್ತೆ ಆ ಜಾಗ ಬಂತು, ಮತ್ತೆ ಕಾದ. ಮೌನವನ್ನು ಇಡೀ ಸಂಜೆ ಬೈದವನು ಅವನೇ. ಯಾರೂ ಮೊಬೈಲ್ ನೋಡಲಿಲ್ಲ. ಬರ್ವಾ ಅಲ್ ಬರಾಹಾದ ಹುಡುಗರು ಕೂಡ ಕಾದರು.

ಯಶ್ಮಿತಾ ಮಂಗಳ ಹಾಡಿದಳು. ವೇದಿಕೆಯ ಕೆಳಗೆ ಜರ್ಟ್ರೂಡ್ ಬಾಯಿ ಫ್ಲಾಯ್ಡ್‌ನ ತೋಳಿಗೆ ಒಂದು ಪೆಟ್ಟು ಕೊಟ್ಟು, "ನಾಳೆ ಮಧ್ಯಾಹ್ನ ಊಟಕ್ಕೆ ಬಾ. ಪಾತ್ರೆ ಎಲ್ಲ ಕಟ್ಟಿ ಆಯಿತು, ಕಾಗದದ ತಟ್ಟೆ. ಪರವಾಗಿಲ್ಲವಾ?" ಎಂದರು.

"ಅರ್ಧದಲ್ಲಿ ಬಿಟ್ಟ ಊಟ, ಬಾಯಮ್ಮ, ತಟ್ಟೆ ಯಾವುದಾದರೆ ಎಂತ," ಎಂದ ಫ್ಲಾಯ್ಡ್.

"ಸೋತಿರಿ ದೂಮಣ್ಣ," ಎಂದು ಮೊಯ್ದಿನ್ ಕುಂಞಿ ಕೆಣಕಿದ. "ಪಾತ್ರ ಬಿಟ್ಟವ ಸೋತ ಅಂತ ನೀವೇ ಹೇಳಿಕೊಟ್ಟ ಪಾಠ."

"ಸೋತೆ ಬ್ಯಾರಿಗಳೇ," ಎಂದರು ದೂಮಪ್ಪನವರು. ಅಷ್ಟು ಸಂತೋಷದಿಂದ ಸೋತವರನ್ನು ಅವನು ನೋಡಿರಲಿಲ್ಲ.

ಮರುದಿನ ಬೆಳಿಗ್ಗೆ ದೂಮಪ್ಪನವರು ಸ್ನಾನ ಮಾಡಿ, ಒಂದು ತುಂಡು ಬಟ್ಟೆಯನ್ನು ಅರಸಿನದ ನೀರಿನಲ್ಲಿ ಅದ್ದಿ ಒಣಗಿಸಿ, ಅದರಲ್ಲಿ ತಪ್ಪು ಕಾಣಿಕೆಯನ್ನು ಕಟ್ಟಿ ಮಂಜುನಾಥನ ಪಟದ ಕೆಳಗೆ ಇಟ್ಟರು. ಮುಂದಿನ ಸಲ ಊರಿಗೆ ಹೋದಾಗ ಮೊದಲು ಧರ್ಮಸ್ಥಳಕ್ಕೆ, ಮನೆಗೆ ಆಮೇಲೆ. ದೀಪ ಹಚ್ಚಿ ಕೈ ಮುಗಿದರು.

"ಸ್ವಾಮಿ, ಆಣೆ ಮುರಿದವನು ನಾನು. ಬಾಯಿ ತಪ್ಪಿ ಆಯಿತು ಅಂತ ನಿನ್ನ ಎದುರು ಸುಳ್ಳು ಹೇಳುವುದಿಲ್ಲ, ಗೊತ್ತಿದ್ದೇ ಅಲ್ಲಿಯವರೆಗೆ ಹೋದೆ. ಶಿಕ್ಷೆ ಏನಿದ್ದರೂ ನನಗೆ ಇರಲಿ, ಆಣೆ ಹಾಕಿಸಿದವನಿಗೆ ತಾಗದಿರಲಿ. ಅವನು ನಿನ್ನನ್ನು ಖಡಕ್ ಅಂದದ್ದು ಗೌರವದಿಂದಲೇ. ಅವನು ತನ್ನ ದೇವರ ಬಳಿ ಇರಲಿ, ನಿನ್ನ ಬಳಿ ಇರಲಿ, ಅಲ್ಲಿ ಸೆಕೆ ಕಡಿಮೆ ಇರಲಿ, ಕೇಳಲಿಕ್ಕೆ ಒಳ್ಳೆಯ ಸಂಗೀತ ಇರಲಿ. ಅವನ ಮನಸ್ಸಿನಲ್ಲಿ ಇನ್ನು ಯಾವ ಜಗಳವೂ ಉಳಿಯದಿರಲಿ. ನನ್ನ ಇಗ್ನೇಶಿಯಸ್‌ನ ಆತ್ಮಕ್ಕೆ ಶಾಂತಿ ಕೊಡು, ಸ್ವಾಮಿ."